ಹಳೆಯ ಭಾವಚಿತ್ರದ ಅಂಚು ಕೆನೆಬಣ್ಣದ ಪುಟದಲ್ಲಿ ಕರಗಬೇಕಾದರೆ

ಪ್ರಶ್ನೆ: ನಮ್ಮ ಅಜ್ಜ-ಅಜ್ಜಿಯ ಹಳೆಯ ಕಪ್ಪು-ಬಿಳುಪು ಫೋಟೊ ಒಂದನ್ನು 600 ಪಿಪಿಐ (ಇಂಚಿಗೆ 600 ಪಿಕ್ಸೆಲ್) ರೆಸಲ್ಯೂಶನ್‌ನಲ್ಲಿ ಸ್ಕ್ಯಾನ್ ಮಾಡಿದ್ದೇನೆ. ಅದರ ಅಳತೆ 2400 × 3600 ಪಿಕ್ಸೆಲ್. ಕುಟುಂಬದ ನೆನಪಿನ ಪುಸ್ತಕವೊಂದರ ಕೆನೆಬಣ್ಣದ ಪುಟದಲ್ಲಿ ಅದು ಹಿಂದಿನ ಕಾಲದ ಭಾವಚಿತ್ರಗಳ ಹಾಗೆ ಅಂಡಾಕಾರದಲ್ಲಿ, ಅಂಚು ನಿಧಾನವಾಗಿ ಮಾಸುತ್ತ ಪುಟದೊಳಗೆ ಕರಗಿದಂತೆ ಕಾಣಬೇಕೆಂಬುದು ನನ್ನ ಆಸೆ. ಫೋಟೋಶಾಪ್‌ನಲ್ಲಿ ಅಂಡಾಕಾರದ ಸೆಲೆಕ್ಷನ್ ಮಾಡಿ, ಅಂಚನ್ನು ಮೃದುಗೊಳಿಸುವ ಫೆದರ್ ಆಯ್ಕೆಗೆ 20 ಕೊಟ್ಟು, ಹೊರಭಾಗವನ್ನು ಡಿಲೀಟ್ ಮಾಡಿದೆ. ಅಂಚು ಮೃದುವಾದಂತೆ ಅನ್ನಿಸಲಿಲ್ಲ. ಇನ್ನೆರಡು ಸಲ ಡಿಲೀಟ್ ಒತ್ತಿದಾಗ ಮತ್ತಷ್ಟು ಗಡಸಾಯಿತು. ಫೆದರನ್ನು 200ಕ್ಕೆ ಏರಿಸಿದರೆ ಅಂಚೇನೋ ಮೃದುವಾಯಿತು, ಆದರೆ ಎಡಬಲ ಬದಿಗಳಲ್ಲಿ ನೆಟ್ಟಗಿನ ಗೆರೆ ಕಾಣಿಸಿಕೊಂಡಿತು. ಜೆಪೆಗ್ ಆಗಿ ಉಳಿಸಿ ಪುಟದ ಮೇಲಿಟ್ಟರೆ ಸುತ್ತ ಬಿಳಿ ಪೆಟ್ಟಿಗೆ. ಒಂದೇ ಬಗೆಯ ಬಣ್ಣವನ್ನು ಆರಿಸುವ ಮ್ಯಾಜಿಕ್ ವಾಂಡ್‌ನಿಂದ ಆ ಬಿಳಿಯನ್ನು ತೆಗೆದರೆ ಚಿತ್ರದ ಸುತ್ತ ಬೆಳ್ಳನೆಯ ಉಂಗುರ. ಜೆಪೆಗ್ ಗುಣಮಟ್ಟವನ್ನು ಗರಿಷ್ಠಕ್ಕೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಂಚು ಮಾಸಿಸಿದರೆ ಫೋಟೊದ ಗುಣಮಟ್ಟವೇ ಕೆಡುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ನಾನು ಎಡವುತ್ತಿರುವುದು ಎಲ್ಲಿ? ಬಿಳಿಗೆ ಮಾಸಿಸಿ ಉಳಿಸಿದ ಜೆಪೆಗ್ ಇನ್ನು ಪ್ರಯೋಜನವಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಒಂದರ ಮೇಲೊಂದರಂತೆ ನಾಲ್ಕು ತೊಂದರೆಗಳು ಕಾಣುತ್ತವೆ: ಅಂಚು ಸಾಕಷ್ಟು ಮೃದುವಾಗದಿರುವುದು, ಬದಿಯಲ್ಲಿ ನೆಟ್ಟಗಿನ ಗೆರೆ, ಬಿಳಿ ಪೆಟ್ಟಿಗೆ ಮತ್ತು ಬೆಳ್ಳನೆಯ ಉಂಗುರ. ಇವು ಒಂದೇ ಕಾಯಿಲೆಯ ಲಕ್ಷಣಗಳಂತೆ ಕಂಡರೂ ಪ್ರತಿಯೊಂದಕ್ಕೂ ಕಾರಣ ಬೇರೆ. ಹಾಗಾಗಿ ಯಾವುದೋ ಒಂದು ಸಂಖ್ಯೆಯನ್ನು ಹೆಚ್ಚಿಸಿ ಅಥವಾ ಕಡಿಮೆ ಮಾಡಿ ನಾಲ್ಕನ್ನೂ ಒಟ್ಟಿಗೆ ಪರಿಹರಿಸಲು ಸಾಧ್ಯವಿಲ್ಲ. ಹಳೆಯ ಚಿತ್ರಗಳನ್ನು ಸರಿಪಡಿಸಿ ಪುಸ್ತಕದ ಪುಟಗಳಿಗೆ ಹೊಂದಿಸುವ ನನ್ನ ಕೆಲಸದಲ್ಲಿ ಈ ನಾಲ್ಕೂ ಮತ್ತೆ ಮತ್ತೆ ಎದುರಾಗುತ್ತವೆ. ಚಿತ್ರದ ಅಂಚನ್ನು ಮಾಸಿಸುವುದೆಂದರೆ ಚಿತ್ರಕ್ಕೆ ಏನನ್ನೋ ಮಾಡುವುದು ಎಂದು ನಾವು ಭಾವಿಸುವುದೇ ಹೆಚ್ಚಿನ ಗೊಂದಲಕ್ಕೆ ಮೂಲ. ವಾಸ್ತವದಲ್ಲಿ ಅದು ಚಿತ್ರ ಮತ್ತು ಅದರ ಹಿಂದಿರುವ ಪುಟ ಎರಡೂ ಸೇರಿ ಆಗುವ ಕೆಲಸ. ಪುಟದ ಬಣ್ಣ ಯಾವುದೆಂದು ತೀರ್ಮಾನವಾಗುವ ಮೊದಲೇ ಅಂಚನ್ನು ಮಾಸಿಸಿ ಮುಗಿಸಿಬಿಟ್ಟರೆ ಮುಂದೆ ತೊಂದರೆ ತಪ್ಪುವುದಿಲ್ಲ.

ಮೊದಲಿಗೆ ನಿಮ್ಮ ಗೆಳೆಯರ ಮಾತುಗಳನ್ನು ನೋಡೋಣ. ಜೆಪೆಗ್ ಗುಣಮಟ್ಟವನ್ನು ಎಷ್ಟೇ ಏರಿಸಿದರೂ ಬಿಳಿ ಪೆಟ್ಟಿಗೆ ಹೋಗುವುದಿಲ್ಲ, ಏಕೆಂದರೆ ಜೆಪೆಗ್‌ನಲ್ಲಿ ಪಾರದರ್ಶಕತೆ ಎಂಬ ಮಾಹಿತಿಗೆ ಜಾಗವೇ ಇಲ್ಲ. ಪ್ರತಿ ಪಿಕ್ಸೆಲ್‌ಗೂ ಒಂದು ಬಣ್ಣ ಇರಲೇಬೇಕು. ಖಾಲಿ ಎಂಬುದನ್ನು ಅದು ಬರೆದಿಡಲಾರದು. ಖಾಲಿ ಇದ್ದಲ್ಲೆಲ್ಲ ತಂತ್ರಾಂಶ ಸಾಮಾನ್ಯವಾಗಿ ಬಿಳಿಯನ್ನು ತುಂಬಿ ಉಳಿಸುತ್ತದೆ. ಗುಣಮಟ್ಟದ ಸಂಖ್ಯೆ ನಿರ್ಧರಿಸುವುದು ಆ ಬಣ್ಣಗಳನ್ನು ಎಷ್ಟು ಒತ್ತಿ ಅಡಕಗೊಳಿಸಬೇಕು ಎಂಬುದನ್ನು ಮಾತ್ರ. ಪಿಎನ್‌ಜಿ, ಟಿಫ್, ವೆಬ್‌ಪಿ ಮೊದಲಾದವು ಪಾರದರ್ಶಕತೆಯನ್ನು ಉಳಿಸಿಕೊಳ್ಳಬಲ್ಲವು. ಜಿಫ್ ಕೂಡ ಉಳಿಸಿಕೊಳ್ಳುತ್ತದೆ, ಆದರೆ ಅಲ್ಲಿ ಪಿಕ್ಸೆಲ್ ಒಂದೋ ಪೂರ್ತಿ ಇರಬೇಕು, ಇಲ್ಲವೇ ಪೂರ್ತಿ ಇರಬಾರದು. ನಡುವಿನ ಸ್ಥಿತಿಯೇ ಇಲ್ಲದ ಕಾರಣ ಮಾಸಿದ ಅಂಚಿಗೆ ಅದು ಒದಗುವುದಿಲ್ಲ.

ಅಂಚು ಮಾಸಿಸಿದರೆ ಗುಣಮಟ್ಟ ಕೆಡುತ್ತದೆ ಎಂಬ ಎರಡನೆಯ ಮಾತು ನೀವು ಬಳಸಿದ ವಿಧಾನದ ಮಟ್ಟಿಗೆ ನಿಜ, ಒಟ್ಟಾರೆಯಾಗಿ ನಿಜವಲ್ಲ. ಸೆಲೆಕ್ಷನ್ ಮಾಡಿ ಡಿಲೀಟ್ ಒತ್ತಿದಾಗ ಆ ಪಿಕ್ಸೆಲ್‌ಗಳು ನಿಜವಾಗಿಯೂ ಹೋಗುತ್ತವೆ. ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಅವನ್ನು ಮರಳಿ ತರುವ ದಾರಿಯಿಲ್ಲ. ಲೇಯರ್ ಎಂದರೆ ಒಂದರ ಮೇಲೊಂದು ಇಡುವ ಚಿತ್ರದ ಪದರ. ಅದಕ್ಕೆ ತೊಡಿಸುವ ಲೇಯರ್ ಮಾಸ್ಕ್ ಬಳಸಿದರೆ ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ. ಮಾಸ್ಕ್ ಎಂದರೆ ಕಿಟಕಿಗೆ ಹಾಕಿದ ಪರದೆ ಇದ್ದ ಹಾಗೆ, ಎಷ್ಟು ಕಾಣಿಸಬೇಕೆಂಬುದನ್ನು ಅದು ನಿರ್ಧರಿಸುತ್ತದೆಯೇ ಹೊರತು ಹೊರಗಿನ ನೋಟವನ್ನು ತಿದ್ದುವುದಿಲ್ಲ. ಮಾಸ್ಕಿನಲ್ಲಿ ಬಿಳಿ ಇದ್ದಲ್ಲಿ ಚಿತ್ರ ಪೂರ್ತಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಬರೆ ಕಾಣುತ್ತದೆ. ನಾಳೆ ಮನಸ್ಸು ಬದಲಾದರೆ ಮಾಸ್ಕನ್ನಷ್ಟೇ ತೆಗೆದುಹಾಕಬಹುದು.

ಇನ್ನು ಫೆದರ್ 20 ಕೊಟ್ಟರೂ ಅಂಚು ಮೃದುವಾಗದ ವಿಚಾರ. ಫೆದರ್ ಸಂಖ್ಯೆ ಪಿಕ್ಸೆಲ್‌ಗಳ ಲೆಕ್ಕದಲ್ಲಿರುತ್ತದೆ. ಚಿತ್ರ ಎಷ್ಟು ದೊಡ್ಡದೆಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅಗಲ 800 ಪಿಕ್ಸೆಲ್ ಇರುವ ಸಣ್ಣ ಚಿತ್ರದಲ್ಲಿ 20 ಎಂದರೆ ಅಗಲದ ಶೇಕಡಾ 2.5, ನಿಮ್ಮ 2400 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು ಶೇಕಡಾ 1ಕ್ಕಿಂತಲೂ ಕಡಿಮೆ. ಫೆದರ್ ಕೆಲಸ ಮಾಡುವುದು ಗಾಸಿಯನ್ ಬ್ಲರ್‌ನ, ಅಂದರೆ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ಮಸುಕಾಗಿಸುವ ಫಿಲ್ಟರ್‌ನ ರೀತಿಯಲ್ಲಿ. ಸೆಲೆಕ್ಷನ್ ಗೆರೆಯ ಮೇಲೆ ಚಿತ್ರ ಅರ್ಧದಷ್ಟು ಕಾಣುತ್ತದೆ. ಅಲ್ಲಿಂದ ಒಳಕ್ಕೆ ಏರುತ್ತ, ಹೊರಕ್ಕೆ ಇಳಿಯುತ್ತ ಹೋಗುತ್ತದೆ. ಬ್ಲರ್‌ನ ಪ್ರಮಾಣವನ್ನು 20 ಪಿಕ್ಸೆಲ್ ಎಂದು ಹಿಡಿದರೆ ಈ ಏರಿಳಿತದ ಶೇಕಡಾ 95ರಷ್ಟು ಭಾಗ ಗೆರೆಯ ಆಚೀಚೆ 40 ಪಿಕ್ಸೆಲ್‌ಗಳೊಳಗೆ, ಅಂದರೆ ಒಟ್ಟು 80 ಪಿಕ್ಸೆಲ್‌ಗಳಲ್ಲಿ ಮುಗಿದುಹೋಗುತ್ತದೆ. ಚಿತ್ರವನ್ನು ಮೂಲ ಅಳತೆಯಲ್ಲೇ 600 ಪಿಪಿಐಗೆ ಮುದ್ರಿಸಿದರೆ ಅದು ಸುಮಾರು 3.4 ಮಿಲಿಮೀಟರ್. ಅಷ್ಟು ಕಿರಿದಾದ ಮಸುಕು ಕಣ್ಣಿಗೆ ಕರಗಿದ ಅಂಚಿನಂತೆ ಕಾಣದೆ, ಸರಿಯಾಗಿ ಕತ್ತರಿಸದ ಅಂಚಿನಂತೆ ಕಾಣುತ್ತದೆ. ಒಂದು ಎಚ್ಚರಿಕೆಯ ಮಾತು: ಫೆದರ್ ಸಂಖ್ಯೆಯನ್ನು ಎಲ್ಲ ತಂತ್ರಾಂಶಗಳೂ ಒಂದೇ ಬಗೆಯಲ್ಲಿ ಅರ್ಥಮಾಡಿಕೊಳ್ಳುವುದಿಲ್ಲ. ಫೋಟೋಶಾಪ್‌ನಲ್ಲಿ ಕೊಟ್ಟ ಸಂಖ್ಯೆಯನ್ನೇ ಗಿಂಪ್ ಎಂಬ ಇನ್ನೊಂದು ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೊಟ್ಟರೆ ಮಸುಕಿನ ಅಗಲ ಬೇರೆಯಾಗುತ್ತದೆ. ಆದ್ದರಿಂದ ಯಾರೋ ಹೇಳಿದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬುವ ಬದಲು ಪರದೆಯ ಮೇಲೆ ನೋಡಿಯೇ ನಿರ್ಧರಿಸುವುದು ಒಳ್ಳೆಯದು.

ಡಿಲೀಟನ್ನು ಮತ್ತೆ ಮತ್ತೆ ಒತ್ತಿದಾಗ ಅಂಚು ಗಡಸಾದದ್ದು ನಿಮ್ಮ ಭ್ರಮೆಯಲ್ಲ. ಸೆಲೆಕ್ಷನ್ ಗೆರೆಯ ಮೇಲಿನ ಪಿಕ್ಸೆಲ್ ಮೊದಲ ಸಲ ಅರ್ಧ ಅಳಿಯುತ್ತದೆ. ಎರಡನೆಯ ಸಲ ಉಳಿದ ಅರ್ಧದಲ್ಲಿ ಅರ್ಧ ಹೋಗಿ ಕಾಲು ಭಾಗ ಉಳಿಯುತ್ತದೆ. ಮೂರನೆಯ ಸಲಕ್ಕೆ ಎಂಟನೆಯ ಒಂದು ಭಾಗ. ಹೊರಗಿನ ಪಿಕ್ಸೆಲ್‌ಗಳು ಬೇಗ ಬರಿದಾಗುತ್ತವೆ, ಒಳಗಿನವು ಅಷ್ಟು ಬೇಗ ಬದಲಾಗುವುದಿಲ್ಲ. ಮೂರು ಸಲ ಒತ್ತಿದ ಮೇಲೆ ಮಸುಕಿನ ಪಟ್ಟಿ ಸುಮಾರು ಕಾಲು ಭಾಗದಷ್ಟು ಕಿರಿದಾಗಿ ಒಳಕ್ಕೆ ಸರಿದಿರುತ್ತದೆ. ಮೃದುವಾದ ಅಂಚು ಬೇಕಿದ್ದರೆ ಡಿಲೀಟ್ ಕೀಲಿಯ ತಂಟೆಗೇ ಹೋಗಬೇಡಿ.

ನೆಟ್ಟಗಿನ ಗೆರೆಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಪಾಠಗಳಲ್ಲಿ ಈ ಭಾಗವನ್ನು ಯಾರೂ ಹೇಳುವುದಿಲ್ಲ. ಫೆದರ್ ಗೆರೆಯ ಎರಡೂ ಕಡೆಗೆ ಹರಡುತ್ತದೆ ಎಂದೆನಲ್ಲವೇ? ನಿಮ್ಮ ಅಂಡಾಕಾರ ಬಹುಶಃ ಫೋಟೊದ ಎಡಬಲ ಅಂಚುಗಳನ್ನು ಮುಟ್ಟುವಷ್ಟು ದೊಡ್ಡದಿತ್ತು. ಹಾಗಿದ್ದಾಗ ಗೆರೆಯ ಹೊರಗಿನ ಅರ್ಧ ಮಸುಕಿಗೆ ಹರಡಲು ಚಿತ್ರವೇ ಉಳಿದಿರುವುದಿಲ್ಲ. ಚಿತ್ರ ಇನ್ನೂ ಅರ್ಧದಷ್ಟು ಕಾಣುತ್ತಿರುವಾಗಲೇ ಫೋಟೊ ಮುಗಿದುಹೋಗುತ್ತದೆ. ಆ ಮುಗಿದ ಜಾಗವೇ ನೀವು ಕಂಡ ಗೆರೆ. ಫೆದರ್ ಹೆಚ್ಚಿಸಿದಷ್ಟೂ ಅದು ಎದ್ದು ಕಾಣುತ್ತದೆ. ಇದಕ್ಕೆ ಪರಿಹಾರವೆಂದರೆ ಅಂಡಾಕಾರವನ್ನು ಫೋಟೊದ ಅಂಚಿನಿಂದ ಒಳಗೆ ಎಳೆಯುವುದು. ಎಷ್ಟು ಒಳಗೆ ಎಂದರೆ, ಬ್ಲರ್ ಪ್ರಮಾಣದ ಮೂರು ಪಟ್ಟು. ಎರಡು ಪಟ್ಟು ಸಾಲದೇ ಎಂದು ನೀವು ಕೇಳಬಹುದು. ಎರಡು ಪಟ್ಟು ದೂರದಲ್ಲಿ ಚಿತ್ರ ಇನ್ನೂ ಶೇಕಡಾ 2ರಷ್ಟು ಉಳಿದಿರುತ್ತದೆ. ಅಲ್ಲಿ ಚಿತ್ರ ಕಪ್ಪಾಗಿದ್ದು ಪುಟ ತಿಳಿಯಾಗಿದ್ದರೆ, 0ಯಿಂದ (ಕಪ್ಪು) 255ರವರೆಗಿನ (ಬಿಳಿ) ಅಳತೆಯಲ್ಲಿ ನಾಲ್ಕೈದು ಮೆಟ್ಟಿಲುಗಳ ವ್ಯತ್ಯಾಸ ಉಳಿಯುತ್ತದೆ. ಉದ್ದಕ್ಕೂ ನೆಟ್ಟಗೆ ಸಾಗುವ ಅಷ್ಟು ಸಣ್ಣ ವ್ಯತ್ಯಾಸವನ್ನೂ ಕಣ್ಣು ಗುರುತಿಸಬಲ್ಲದು. ಮೂರು ಪಟ್ಟು ದೂರಕ್ಕೆ ಹೋದರೆ ಉಳಿಯುವುದು ಶೇಕಡಾ 0.13 ಮಾತ್ರ, ಅದು ಒಂದು ಮೆಟ್ಟಿಲೂ ಆಗುವುದಿಲ್ಲ.

ನಿಮ್ಮ ಚಿತ್ರಕ್ಕೇ ಈ ಲೆಕ್ಕವನ್ನು ಹಾಕಿ ನೋಡಿ. ಮಸುಕಿನ ಒಟ್ಟು ಅಗಲ ಚಿತ್ರದ ಕಿರಿಯ ಬದಿಯ ಏಳನೆಯ ಒಂದು ಭಾಗದಷ್ಟಿದ್ದರೆ ಭಾವಚಿತ್ರಕ್ಕೆ ಹಿತವಾಗಿರುತ್ತದೆ ಎಂಬುದು ನನ್ನ ಅನುಭವ. 2400ರಲ್ಲಿ ಏಳನೆಯ ಒಂದು ಭಾಗ ಸುಮಾರು 340. ಬ್ಲರ್ ಪ್ರಮಾಣ ಅದರ ಕಾಲು ಭಾಗ, ಅಂದರೆ 85ರ ಆಸುಪಾಸು. 90 ಎಂದೇ ಇಟ್ಟುಕೊಂಡರೆ ಅಂಡಾಕಾರ ನಾಲ್ಕೂ ಕಡೆಯಿಂದ 270 ಪಿಕ್ಸೆಲ್ ಒಳಗಿರಬೇಕು, ಅದರ ಅಳತೆ 1860 × 3060 ಆಗುತ್ತದೆ. ಅದರೊಳಗೆ ಮತ್ತೆ ಎರಡೂ ಬದಿಗಳಲ್ಲಿ 180 ಪಿಕ್ಸೆಲ್‌ಗಳಷ್ಟು ಮಸುಕಿಗೆ ಹೋದರೆ ಪೂರ್ತಿ ಸ್ಪಷ್ಟವಾಗಿ ಉಳಿಯುವ ಅಗಲ ಸುಮಾರು 1500 ಪಿಕ್ಸೆಲ್. ಅಜ್ಜ-ಅಜ್ಜಿ ಇಬ್ಬರ ಮುಖಗಳೂ ಆ 1500 ಪಿಕ್ಸೆಲ್‌ಗಳೊಳಗೆ ನೆಮ್ಮದಿಯಾಗಿ ಕೂರುತ್ತವೆಯೇ ಎಂಬುದೇ ಈಗ ಉಳಿದ ಪ್ರಶ್ನೆ. ಕೂರದಿದ್ದರೆ ಎರಡು ದಾರಿಗಳಿವೆ. ಮಸುಕನ್ನು ಕಿರಿದು ಮಾಡುವುದು ಒಂದು. ಕ್ಯಾನ್ವಾಸನ್ನು ದೊಡ್ಡದು ಮಾಡಿ ಚಿತ್ರದ ಹಿನ್ನೆಲೆಯನ್ನು ಹೊರಕ್ಕೆ ಬೆಳೆಸುವುದು ಇನ್ನೊಂದು. ಸ್ಟುಡಿಯೊದ ಸಾದಾ ಪರದೆ ಹಿನ್ನೆಲೆಯಾಗಿದ್ದರೆ ಚಿತ್ರದ ಒಂದು ಭಾಗವನ್ನು ಇನ್ನೊಂದು ಕಡೆ ನಕಲಿಸುವ ಕ್ಲೋನ್ ಸ್ಟ್ಯಾಂಪ್‌ನಿಂದ ಈ ಕೆಲಸ ಸುಲಭ, ಏಕೆಂದರೆ ಬೆಳೆಸಿದ ಭಾಗ ಹೇಗೂ ಮಾಸಿಹೋಗುವಂಥದ್ದೇ. ಹಿನ್ನೆಲೆಯಲ್ಲಿ ಗಿಡ, ಬಾಗಿಲು, ಕಂಬಗಳಿದ್ದರೆ ಮಸುಕನ್ನು ಕಿರಿದು ಮಾಡುವುದೇ ಲೇಸು.

ಮಸುಕು ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನೂ ಗಮನಿಸಿ. ಬಟ್ಟೆಯ ಮೇಲೆ, ಕುರ್ಚಿಯ ಮೇಲೆ, ಹಿನ್ನೆಲೆಯ ಮೇಲೆ ಹಾದರೆ ಯಾವ ಬಾಧೆಯೂ ಇಲ್ಲ. ಬೆರಳುಗಳ ಮೇಲೆ ಅಥವಾ ಕಿವಿಯ ಮೇಲೆ ಹಾದರೆ ಅಂಗವೇ ತುಂಡಾದಂತೆ ಕಂಡು ನೋಡುವವರ ಮನಸ್ಸಿಗೆ ಕಿರಿಕಿರಿಯಾಗುತ್ತದೆ. ಅಂಥ ಕಡೆ ಮಾಸ್ಕಿನ ಮೇಲೆ ದೊಡ್ಡ ಮೃದು ಬ್ರಷ್ ಹಿಡಿದು, ಹಾರ್ಡ್‌ನೆಸ್ (ಅಂಚಿನ ಗಡಸು) ಸೊನ್ನೆಗಿಟ್ಟು, ಫ್ಲೋವನ್ನು (ಬಣ್ಣ ಹರಿಯುವ ಪ್ರಮಾಣ) ಶೇಕಡಾ 10ಕ್ಕೆ ಇಳಿಸಿ, ಬಿಳಿ ಬಣ್ಣದಿಂದ ಆ ಭಾಗವನ್ನು ಮರಳಿ ತರಬಹುದು. ಅಂಡಾಕಾರ ಪೂರ್ತಿ ಸಮಪ್ರಮಾಣದಲ್ಲಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ತುಸು ಓರೆಕೋರೆ ಇದ್ದರೇ ಅದು ಕೈಯಿಂದ ಮಾಡಿದ ಕೆಲಸವೆಂಬ ಭಾವ ಬರುತ್ತದೆ, ನನಗಂತೂ ಅದೇ ಹೆಚ್ಚು ಇಷ್ಟ.

ಮಾಸ್ಕ್ ಮಾಡುವ ಕ್ರಮ ದೊಡ್ಡದಲ್ಲ. ಫೋಟೋಶಾಪ್‌ನಲ್ಲಿ ತೆರೆದ ಫೋಟೊ ಬ್ಯಾಕ್‌ಗ್ರೌಂಡ್ ಲೇಯರ್ ಆಗಿ ಬೀಗ ಹಾಕಿಕೊಂಡಿರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಸಾಮಾನ್ಯ ಲೇಯರ್ ಮಾಡಿಕೊಳ್ಳಿ. ಅದರ ಕೆಳಗೆ ಇನ್ನೊಂದು ಲೇಯರ್ ಸೇರಿಸಿ ಪುಸ್ತಕದ ಪುಟದ ಕೆನೆಬಣ್ಣವನ್ನೇ ತುಂಬಿ, ಏಕೆಂದರೆ ಮಸುಕು ಎಷ್ಟು ಬೇಕೆಂದು ನೋಡಬೇಕಾದದ್ದು ಪಾರದರ್ಶಕ ಜಾಗವನ್ನು ತೋರಿಸುವ ಚೌಕುಳಿ ವಿನ್ಯಾಸದ ಮೇಲಲ್ಲ, ನಿಜವಾದ ಪುಟದ ಬಣ್ಣದ ಮೇಲೆ. ನಂತರ ಫೆದರ್ ಸೊನ್ನೆ ಇಟ್ಟು ಅಂಡಾಕಾರದ ಸೆಲೆಕ್ಷನ್ ಮಾಡಿ, ಲೇಯರ್ ಮಾಸ್ಕ್ ಸೇರಿಸಿ. ಈಗ ಅಂಚು ಗಡಸಾಗಿಯೇ ಇರುತ್ತದೆ. ಪ್ರಾಪರ್ಟೀಸ್ ಫಲಕದಲ್ಲಿ ಮಾಸ್ಕಿಗೇ ಒಂದು ಫೆದರ್ ಸ್ಲೈಡರ್ ಇದೆ. ಅದನ್ನು ಎಳೆದಂತೆಲ್ಲ ಅಂಚು ಕಣ್ಣೆದುರೇ ಮೃದುವಾಗುತ್ತ ಹೋಗುತ್ತದೆ, ಮತ್ತು ಯಾವಾಗ ಬೇಕಾದರೂ ಹಿಂದಕ್ಕೆ ಎಳೆಯಬಹುದು. ಗಿಂಪ್ ಬಳಸುವವರು ಸೆಲೆಕ್ಷನ್ನಿನಿಂದ ಲೇಯರ್ ಮಾಸ್ಕ್ ಮಾಡಿ, ಮಾಸ್ಕನ್ನು ಆರಿಸಿಕೊಂಡು ಅದರ ಮೇಲೆ ಗಾಸಿಯನ್ ಬ್ಲರ್ ಹಾಕಬಹುದು. ಬ್ಲರ್ ಹಾಕುವಾಗ ಆರಿಸಿರುವುದು ಮಾಸ್ಕನ್ನೇ ಎಂಬುದನ್ನು ಖಚಿತಪಡಿಸಿಕೊಳ್ಳಿ ಮತ್ತು ಸೆಲೆಕ್ಷನ್ನನ್ನು ಮೊದಲೇ ತೆಗೆದುಹಾಕಿ. ಇಲ್ಲದಿದ್ದರೆ ಬ್ಲರ್ ಸೆಲೆಕ್ಷನ್ನಿನ ಒಳಗಷ್ಟೇ ಸಿಕ್ಕಿಕೊಳ್ಳುತ್ತದೆ.

ಸಿದ್ಧ ಪರಿಣಾಮಗಳ ಬಗೆಗೂ ಹೇಳಿಬಿಡುತ್ತೇನೆ. ವರ್ಡ್ ಮತ್ತು ಪವರ್‌ಪಾಯಿಂಟ್‌ಗಳಲ್ಲಿ ಸಾಫ್ಟ್ ಎಡ್ಜಸ್ ಎಂಬ ಆಯ್ಕೆ ಇದೆ. ಒಂದು ಪುಟದ ಆಹ್ವಾನಪತ್ರಕ್ಕೆ ಅದು ಧಾರಾಳವಾಗಿ ಸಾಕು, ಮೂಲ ಚಿತ್ರಕ್ಕೂ ಧಕ್ಕೆಯಿಲ್ಲ. ಆದರೆ ಮುಖದ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಎಂಬಂಥ ಸೂಕ್ಷ್ಮ ಹತೋಟಿ ಅಲ್ಲಿ ಸಿಗುವುದಿಲ್ಲ. ಲೈಟ್‌ರೂಮ್ ತಂತ್ರಾಂಶದ ವಿನ್ಯೆಟ್ ಇದಕ್ಕಿಂತ ಬೇರೆಯದೇ ಸಂಗತಿ. ಅದು ಮೂಲೆಗಳನ್ನು ಕಪ್ಪಾಗಿಸುತ್ತದೆ ಅಥವಾ ಬೆಳ್ಳಗಾಗಿಸುತ್ತದೆ, ಪಾರದರ್ಶಕ ಮಾಡುವುದಿಲ್ಲ. ಕೆನೆಬಣ್ಣದ ಪುಟಕ್ಕೆ ಕರಗಿಸಲು ಅದು ನೇರವಾಗಿ ಒದಗುವುದಿಲ್ಲ.

ಈಗ ನಿಮ್ಮನ್ನು ಹೆಚ್ಚು ಕಾಡಿದ ಬೆಳ್ಳನೆಯ ಉಂಗುರದ ವಿಚಾರ. ಚಿತ್ರದ ಒಂದು ತುಣುಕನ್ನು ಹತ್ತಿರದಿಂದ ನೋಡೋಣ. ಅಜ್ಜನ ಕೋಟಿನ ಭುಜವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತಿದ್ದೀರಿ ಎಂದುಕೊಳ್ಳಿ. ಕೋಟಿನ ಕಡುಬಣ್ಣ ಕೆಂಪು, ಹಸಿರು, ನೀಲಿ ಮೂರರಲ್ಲೂ 40. ಪುಟದ ಕೆನೆಬಣ್ಣ ಕೆಂಪು 250, ಹಸಿರು 243, ನೀಲಿ 224. ಮಸುಕಿನ ನಟ್ಟನಡುವೆ ಕೋಟು ಅರ್ಧ, ಪುಟ ಅರ್ಧ ಬೆರೆತಾಗ ಆ ಪಿಕ್ಸೆಲ್‌ನ ಬಣ್ಣ 145, 142, 132 ಆಗಬೇಕು, ಅಂದರೆ ತುಸು ಬೆಚ್ಚನೆಯ ಬೂದು. ನಿಮ್ಮ ಜೆಪೆಗ್‌ನಲ್ಲಿ ಕೋಟು ಬೆರೆತದ್ದು ಪುಟದೊಂದಿಗಲ್ಲ, ಬಿಳಿಯೊಂದಿಗೆ. ಅಲ್ಲಿ ಅದೇ ಪಿಕ್ಸೆಲ್ 148, 148, 148. ಇನ್ನೂ ಹೊರಗೆ, ಕೋಟು ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದಿರುವ ಕಡೆ, ಆಗಬೇಕಾದದ್ದು 229, 223, 206. ಆಗಿರುವುದು ಮೂರರಲ್ಲೂ 234. ನೀಲಿಯಲ್ಲೇ 28 ಮೆಟ್ಟಿಲುಗಳ ವ್ಯತ್ಯಾಸ. ಬೆಚ್ಚನೆಯ ಪುಟದ ಮೇಲೆ ಅದು ತಣ್ಣನೆಯ, ನೀಲಿಗೆ ತಿರುಗಿದ ಬಿಳಿಯಾಗಿ ಹೊಳೆಯುತ್ತದೆ. ಮ್ಯಾಜಿಕ್ ವಾಂಡ್ ಶುದ್ಧ ಬಿಳಿಯನ್ನೂ ಅದಕ್ಕೆ ತೀರ ಹತ್ತಿರದ ಬಣ್ಣಗಳನ್ನೂ ತೆಗೆಯಬಲ್ಲದೇ ಹೊರತು, ಪ್ರತಿ ಪಿಕ್ಸೆಲ್‌ನೊಳಗೆ ಬೆರೆತುಹೋದ ಬಿಳಿಯನ್ನು ಬೇರ್ಪಡಿಸಲಾರದು. ಎಷ್ಟು ಹತ್ತಿರದ ಬಣ್ಣಗಳವರೆಗೆ ಆರಿಸಬೇಕೆಂಬ ಟಾಲರೆನ್ಸ್ ಹೆಚ್ಚಿಸಿದರೆ ಮಸುಕೇ ಹೊರಟುಹೋಗಿ ಅಂಚು ಮತ್ತೆ ಗಡಸಾಗುತ್ತದೆ.

ಎರಡು ಚಿತ್ರಗಳನ್ನು ಹೀಗೆ ಭಾಗಶಃ ಬೆರೆಸುವ ಲೆಕ್ಕವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು; ಇಂದಿನ ತಂತ್ರಾಂಶಗಳು ಲೇಯರ್‌ಗಳನ್ನು ಬೆರೆಸುವುದು ಮೂಲತಃ ಆ ಲೆಕ್ಕದ ಮೇಲೆಯೇ. ಅದರ ತಿರುಳೆಂದರೆ, ಪಿಕ್ಸೆಲ್‌ನ ಬಣ್ಣ ಮತ್ತು ಅದು ಎಷ್ಟರಮಟ್ಟಿಗೆ ಕಾಣಬೇಕೆಂಬ ಪ್ರಮಾಣ, ಇವೆರಡನ್ನೂ ಕೊನೆಯವರೆಗೂ ಉಳಿಸಿಕೊಂಡಿರಬೇಕು. ಆ ಪ್ರಮಾಣವನ್ನೇ ಆಲ್ಫಾ ಎನ್ನುತ್ತಾರೆ. ಜೆಪೆಗ್ ಆಗಿ ಉಳಿಸಿದ ಕ್ಷಣದಲ್ಲಿ ಆಲ್ಫಾ ಕಳೆದುಹೋಯಿತು. ನಿಮ್ಮ ಉಂಗುರ ಹುಟ್ಟಿದ್ದು ಅಲ್ಲಿ.

ಇದೇ ಲೆಕ್ಕದಿಂದ ಹೊರಡುವ ಇನ್ನೊಂದು ಮಾತು ಪುಸ್ತಕದ ಉಳಿದ ಪುಟಗಳಿಗೆ ನಿಮಗೆ ಬೇಕಾದೀತು. ಎರಡು ಫೋಟೊಗಳನ್ನು ಒಂದರೊಳಗೊಂದು ಕರಗಿಸಬೇಕಿದ್ದರೆ ಎರಡರ ಅಂಚನ್ನೂ ಮಾಸಿಸಬೇಡಿ. ಎರಡೂ ಅರ್ಧರ್ಧ ಕಾಣುವ ಕಡೆ ಹಿಂದಿನ ಪುಟ ಕಾಲು ಭಾಗದಷ್ಟು ಇಣುಕಿ, ಕೂಡುವ ಜಾಗದಲ್ಲಿ ಮಬ್ಬಾದ ಪಟ್ಟಿಯೊಂದು ಕಾಣುತ್ತದೆ. ಕೆಳಗಿನ ಚಿತ್ರವನ್ನು ಪೂರ್ತಿಯಾಗಿ ಬಿಟ್ಟು ಮೇಲಿನದರ ಅಂಚನ್ನಷ್ಟೇ ಮಾಸಿಸಿದರೆ ಸಾಕು.

ಉಳಿಸುವ ವಿಧಾನದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ, ಮೂರಕ್ಕೂ ಅವವೇ ಅಪಾಯಗಳೂ ಇವೆ. ಇಡೀ ಪುಟವನ್ನೇ ಫೋಟೋಶಾಪ್‌ನಲ್ಲಿ ಸಿದ್ಧಪಡಿಸುತ್ತಿದ್ದರೆ ಕೆನೆಬಣ್ಣ, ಚಿತ್ರ, ಅಕ್ಷರ ಎಲ್ಲವನ್ನೂ ಕೂಡಿಸಿ ಒಂದೇ ಚಿತ್ರವಾಗಿ ಉಳಿಸಬಹುದು. ಆಗ ಜೆಪೆಗ್ ಆದರೂ ನಡೆಯುತ್ತದೆ, ಏಕೆಂದರೆ ಬೆರೆಯಬೇಕಾದದ್ದೆಲ್ಲ ಮೊದಲೇ ಸರಿಯಾದ ಬಣ್ಣದೊಂದಿಗೆ ಬೆರೆತಿರುತ್ತದೆ. ಆದರೆ ಅಕ್ಷರಗಳೂ ಪಿಕ್ಸೆಲ್‌ಗಳಾಗಿಬಿಡುವುದರಿಂದ ಅವುಗಳ ಚೂಪು ಕಡಿಮೆಯಾಗುತ್ತದೆ. ಮಾಸಿದ ಚಿತ್ರವನ್ನು ಕೆನೆಬಣ್ಣದ ಚೌಕಟ್ಟಿನ ಸಮೇತ ಉಳಿಸಿ ಬೇರೊಂದು ತಂತ್ರಾಂಶದ ಕೆನೆಬಣ್ಣದ ಪುಟದ ಮೇಲೆ ಇಡುವುದು ಎರಡನೆಯ ದಾರಿ. ಕಣ್ಣಿಗೆ ಸುಲಭವಾಗಿ ಕಂಡರೂ ನಾನು ಹೆಚ್ಚು ಅಂಜುವುದು ಇದಕ್ಕೇ. ಚಿತ್ರದೊಳಗಿನ ಕೆನೆಬಣ್ಣ ಆರ್‌ಜಿಬಿಯಲ್ಲಿ (ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ), ಪುಟದ ಕೆನೆಬಣ್ಣ ಮುದ್ರಣದ ಸಿಎಂವೈಕೆಯಲ್ಲಿ (ನಾಲ್ಕು ಶಾಯಿಗಳ ಲೆಕ್ಕ) ಇದ್ದರೆ ಪರದೆಯ ಮೇಲೆ ಎರಡೂ ಒಂದೇ ಎಂದು ಕಂಡು, ಅಚ್ಚಾದ ಮೇಲೆ ಚಿತ್ರದ ಸುತ್ತ ಮಸುಕಾದ ಆಯತವೊಂದು ಕಾಣಿಸಿಕೊಳ್ಳುತ್ತದೆ. ಸಂಖ್ಯೆಗಳನ್ನು ಯಾವ ಬಣ್ಣವೆಂದು ಓದಬೇಕೆಂದು ಹೇಳುವ ಬಣ್ಣದ ಪ್ರೊಫೈಲ್ ಬೇರೆಯಾದರೂ ಹೀಗೇ ಆಗುತ್ತದೆ. ಮೂರನೆಯದು ಪಾರದರ್ಶಕತೆಯನ್ನು ಉಳಿಸಿಕೊಂಡು ಪಿಎನ್‌ಜಿ, ಟಿಫ್ ಅಥವಾ ಪಿಎಸ್‌ಡಿಯಾಗಿ (ಫೋಟೋಶಾಪ್‌ನದೇ ಕಡತ) ಪುಟದ ಮೇಲೆ ಇಡುವುದು. ನಿಮ್ಮ ಕೆಲಸಕ್ಕೆ ನಾನು ಸೂಚಿಸುವುದು ಇದನ್ನೇ. ಇಲ್ಲಿ ಗಮನಿಸಬೇಕಾದದ್ದು ಮುದ್ರಣಕ್ಕೆ ಕಳುಹಿಸುವ ಪಿಡಿಎಫ್. ಪಿಡಿಎಫ್‌ಗೆ ಪಾರದರ್ಶಕತೆ ಬಂದದ್ದು 2001ರ 1.4 ಆವೃತ್ತಿಯಲ್ಲಿ, ಪಿಡಿಎಫ್/ಎಕ್ಸ್-1ಎ ಎಂಬ ಹಳೆಯ ಮಾನದಂಡ ಅದನ್ನು ಒಪ್ಪುವುದಿಲ್ಲ, ಪಿಡಿಎಫ್/ಎಕ್ಸ್-4 ಒಪ್ಪುತ್ತದೆ. ಮುದ್ರಕರು ಯಾವುದನ್ನು ಕೇಳುತ್ತಾರೆಂದು ಮೊದಲೇ ವಿಚಾರಿಸಿಕೊಳ್ಳಿ.

ಮುದ್ರಣದಲ್ಲಿ ಇನ್ನೊಂದು ತೊಡಕಿದೆ. ಆಫ್‌ಸೆಟ್ ಮುದ್ರಣದಲ್ಲಿ ತಿಳಿಬಣ್ಣವೆಂದರೆ ತೀರ ಸಣ್ಣ ಚುಕ್ಕೆಗಳು. ಶೇಕಡಾ ಎರಡು-ಮೂರಕ್ಕಿಂತ ಸಣ್ಣ ಚುಕ್ಕೆಗಳು ಕಾಗದದ ಮೇಲೆ ಸರಿಯಾಗಿ ನಿಲ್ಲದೇ ಹೋಗಬಹುದು. ಬಿಳಿ ಕಾಗದಕ್ಕೆ ಮಾಸುವ ಅಂಚಾದರೆ ಕೊನೆಯಲ್ಲಿ ಬಣ್ಣ ತಟ್ಟನೆ ನಿಂತಂತೆ ಕಾಣುವುದು ಈ ಕಾರಣಕ್ಕೆ. ನಿಮ್ಮ ಪುಟಕ್ಕೆ ಕೆನೆಬಣ್ಣವನ್ನೂ ಅಚ್ಚೇ ಹಾಕುವುದಾದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ, ಏಕೆಂದರೆ ಆ ಬಣ್ಣದ ಚುಕ್ಕೆಗಳು ಅಲ್ಲಿ ಹೇಗೂ ಇರುತ್ತವೆ. ಆದರೂ ಒಂದು ಪುಟದ ಪ್ರೂಫ್ ತೆಗೆಸಿ ನೋಡದೆ ಇಡೀ ಪುಸ್ತಕಕ್ಕೆ ಒಪ್ಪಿಗೆ ಕೊಡಬೇಡಿ.

ಮಾಸುವ ಭಾಗದಲ್ಲಿ ಮೆಟ್ಟಿಲು ಮೆಟ್ಟಿಲಾದ ಉಂಗುರಗಳು ಕಂಡರೆ ಗಾಬರಿಪಡಬೇಕಿಲ್ಲ. 8 ಬಿಟ್ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲುಗಳಷ್ಟೇ ಇರುತ್ತವೆ. ಸ್ಟುಡಿಯೊ ಪರದೆಯ ತಿಳಿಬೂದು 215ರಿಂದ ಪುಟದ 250ಕ್ಕೆ ಏರಲು ಸಿಗುವುದು 35 ಮೆಟ್ಟಿಲು. ಅದು 400 ಪಿಕ್ಸೆಲ್‌ಗಳಲ್ಲಿ ಹರಡಿದರೆ ಒಂದೊಂದು ಮೆಟ್ಟಿಲೂ 11 ಪಿಕ್ಸೆಲ್ ಅಗಲ. ಸಾಮಾನ್ಯವಾಗಿ ಇದು ಕಣ್ಣಿಗೆ ಬೀಳುವುದಿಲ್ಲ, ಹಳೆಯ ಫೋಟೊದ ಸಹಜ ಕಣಗಳೇ ಅದನ್ನು ಮುಚ್ಚಿಬಿಡುತ್ತವೆ. ಸ್ಕ್ಯಾನ್ ಆದ ಮೇಲೆ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು ಚುಕ್ಕೆಗಳು) ತೆಗೆಯುವ ಫಿಲ್ಟರ್‌ನಿಂದ ಹಿನ್ನೆಲೆಯನ್ನು ತೀರ ನುಣ್ಣಗೆ ಮಾಡಿದವರಿಗೆ, ಕಾಂಟ್ರಾಸ್ಟ್ ಹೆಚ್ಚಿಸಿದವರಿಗೆ ಅಥವಾ ಜೆಪೆಗ್ ಅನ್ನು ಅತಿಯಾಗಿ ಅಡಕಗೊಳಿಸಿದವರಿಗೆ ಇದು ಕಾಣಿಸಿಕೊಳ್ಳುತ್ತದೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಅಡಕಗೊಳಿಸುವ ಕಾರಣ ನಯವಾದ ಏರಿಳಿತಗಳು ಅಲ್ಲಿ ಬೇಗ ಒಡೆಯುತ್ತವೆ. ಮಾಸ್ಕಿಗೆ ಸ್ವಲ್ಪವೇ ಸ್ವಲ್ಪ ನಾಯ್ಸ್ ಸೇರಿಸಿದರೆ ಮೆಟ್ಟಿಲುಗಳ ಗೆರೆ ಒಡೆದು ಅಂಚು ನಯವಾಗುತ್ತದೆ. ಸ್ಕ್ಯಾನನ್ನೇ ಇನ್ನೂ ಹೆಚ್ಚು ಮೆಟ್ಟಿಲುಗಳಿರುವ 16 ಬಿಟ್‌ನಲ್ಲಿ ಮಾಡಿಕೊಂಡು ಕೊನೆಯವರೆಗೂ ಹಾಗೆಯೇ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು.

ಬಿಳಿಗೆ ಮಾಸಿಸಿ ಉಳಿಸಿದ ಜೆಪೆಗ್ ಪ್ರಯೋಜನವಿಲ್ಲವೇ ಎಂದು ಕೇಳಿದ್ದೀರಿ. ಪ್ರಯೋಜನವಿದೆ, ಅದೂ ನೀವು ಬಯಸಿದ ಹಳೆಯ ಕಾಲದ ರೂಪಕ್ಕೆ ತೀರ ಹತ್ತಿರದ ರೀತಿಯಲ್ಲಿ. ಕತ್ತಲೆಕೋಣೆಯ ಕಾಲದಲ್ಲಿ ಇಂಥ ಭಾವಚಿತ್ರಗಳನ್ನು ಮಾಡಲು, ಅಂಡಾಕಾರದ ತೂತಿದ್ದ ರಟ್ಟನ್ನು ಕಾಗದದಿಂದ ತುಸು ಮೇಲೆ ಹಿಡಿದು ಅದರ ಮೂಲಕ ಬೆಳಕು ಬಿಡುತ್ತಿದ್ದರು. ರಟ್ಟು ಕಾಗದಕ್ಕೆ ತಾಗದಿದ್ದ ಕಾರಣ ಅಂಚಿನ ನೆರಳು ಮೃದುವಾಗಿ ಬೀಳುತ್ತಿತ್ತು, ಬೆಳಕು ಬೀಳದ ಕಡೆ ಕಾಗದ ಕಪ್ಪಾಗದೆ ಉಳಿಯುತ್ತಿತ್ತು. ಅಂದರೆ ಅಲ್ಲಿ ಚಿತ್ರ ಬಿಳಿಬಣ್ಣಕ್ಕೆ ಮಾಸುತ್ತಿರಲಿಲ್ಲ, ಕಾಗದದ ಬಣ್ಣ ಏನಿತ್ತೋ ಅದಕ್ಕೇ ಮಾಸುತ್ತಿತ್ತು. ತಂತ್ರಾಂಶದಲ್ಲಿ ಇದೇ ಕೆಲಸ ಮಾಡುವುದು ಮಲ್ಟಿಪ್ಲೈ ಎಂಬ ಬ್ಲೆಂಡ್ ಮೋಡ್, ಅಂದರೆ ಮೇಲಿನ ಲೇಯರ್ ಕೆಳಗಿನದರೊಂದಿಗೆ ಬೆರೆಯುವ ಒಂದು ಬಗೆ. ಮ್ಯಾಜಿಕ್ ವಾಂಡ್ ಮುಟ್ಟದ ಜೆಪೆಗ್ ಅನ್ನು ಕೆನೆಬಣ್ಣದ ಲೇಯರ್‌ನ ಮೇಲಿಟ್ಟು ಬ್ಲೆಂಡ್ ಮೋಡನ್ನು ಮಲ್ಟಿಪ್ಲೈಗೆ ಬದಲಿಸಿ. ಬಿಳಿ ಇದ್ದಲ್ಲೆಲ್ಲ ಪುಟ ಹಾಗೆಯೇ ಕಾಣುತ್ತದೆ, ಪೆಟ್ಟಿಗೆ ಮಾಯವಾಗುತ್ತದೆ. ಮೊದಲು ನೋಡಿದ ಭುಜದ ಪಿಕ್ಸೆಲ್‌ನಲ್ಲಿ 148ರ ಬೂದು ಕೆನೆಬಣ್ಣದೊಂದಿಗೆ ಗುಣಿಸಿ 145, 141, 130 ಆಗುತ್ತದೆ. ಆಗಬೇಕಾಗಿದ್ದದ್ದು 145, 142, 132. ಈ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು, ಉಂಗುರ ಉಳಿಯುವುದಿಲ್ಲ.

ಇದರ ಮಿತಿಗಳನ್ನೂ ತಿಳಿದಿರಿ. ಮಲ್ಟಿಪ್ಲೈ ಇಡೀ ಚಿತ್ರಕ್ಕೆ ಪುಟದ ಬಣ್ಣವನ್ನು ಲೇಪಿಸುತ್ತದೆ. ಅಜ್ಜಿಯ ಬಿಳಿ ಸೀರೆಯೂ ಕೆನೆಬಣ್ಣಕ್ಕೆ ತಿರುಗುತ್ತದೆ. ಕಪ್ಪು-ಬಿಳುಪು ಚಿತ್ರಕ್ಕೆ ಇದು ಚೆಂದವೇ, ಆ ಕಾಗದದ ಮೇಲೆಯೇ ತೆಗೆದ ಪ್ರತಿಯಂತೆ ಕಾಣುತ್ತದೆ. ಬಣ್ಣದ ಫೋಟೊದಲ್ಲಾದರೆ ಮೈಬಣ್ಣ ಹಳದಿಗೆ ಸರಿಯುವುದರಿಂದ ಬೇಡ. ಪುಟ ಕಡುಬಣ್ಣದ್ದಾದರೆ ಚಿತ್ರವೇ ಮುಳುಗಿಹೋಗುತ್ತದೆ. ಜೆಪೆಗ್‌ನ ಬಿಳಿ ಅಪ್ಪಟ 255 ಆಗಿರದೆ 252, 253 ಇದ್ದರೆ ಪೆಟ್ಟಿಗೆಯ ಸುಳಿವು ಉಳಿಯಬಹುದು. ಕಪ್ಪು-ಬಿಳಿಯ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಬಿಳಿಯ ತುದಿಯನ್ನು ಒಂದಿಷ್ಟು ಒಳಕ್ಕೆ ಎಳೆದರೆ ಅದೂ ಹೋಗುತ್ತದೆ. ಬದಿಯ ನೆಟ್ಟಗಿನ ಗೆರೆಯನ್ನು ಮಾತ್ರ ಮಲ್ಟಿಪ್ಲೈ ಸರಿಪಡಿಸಲಾರದು, ಏಕೆಂದರೆ ಅಲ್ಲಿ ಚಿತ್ರ ಕತ್ತರಿಸಿಯೇ ಹೋಗಿದೆ. ಫೆದರ್ 200 ಇಟ್ಟು ಉಳಿಸಿದ ಪ್ರತಿ ನಿಮ್ಮಲ್ಲಿ ಇರುವುದಾದರೆ ಅದನ್ನು ಬಿಟ್ಟು ಮೂಲ ಸ್ಕ್ಯಾನ್‌ನಿಂದ ಮಾಸ್ಕ್ ಹಾಕಿ, ಅಂಡಾಕಾರವನ್ನು 270 ಪಿಕ್ಸೆಲ್ ಒಳಗಿಟ್ಟು ಮತ್ತೆ ಮಾಡಿ. ಮೂಲ ಸ್ಕ್ಯಾನನ್ನು ಯಾವ ತಿದ್ದುಪಡಿಯೂ ಇಲ್ಲದೆ ಬೇರೆಯಾಗಿ ತೆಗೆದಿಡಿ. ಹಳೆಯ ಫೋಟೊಗಳ ಅಂಚಿನಲ್ಲೇ ಸ್ಟುಡಿಯೊದ ಹೆಸರು, ಕೆಲವೊಮ್ಮೆ ತಾರೀಖು ಇರುವುದರಿಂದ, ಮಾಸಿದ ಪ್ರತಿಯೊಂದೇ ಉಳಿದರೆ ಅವೂ ಕಳೆದುಹೋಗುತ್ತವೆ.